3 ಟಿಬಿ ಹಾರ್ಡ್ ಡಿಸ್ಕ್ 746 ಜಿಬಿ ಎಂದು ತೋರಿಸುತ್ತಿದೆಯೇ? ಫಾರ್ಮ್ಯಾಟ್ ಮಾಡುವ ಮೊದಲು ಅಡಾಪ್ಟರ್ ನೋಡಿ

ಹಳೆಯ ಕಂಪ್ಯೂಟರ್‌ನಿಂದ ಬಿಚ್ಚಿದ 3 ಟಿಬಿ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪ್‌ಗೆ ಹಾಕಿದರೆ ಕೆಲವೊಮ್ಮೆ 746 ಜಿಬಿ ಎಂದಷ್ಟೇ ಕಾಣುತ್ತದೆ. ‘ಡಿಸ್ಕ್ ಹೋಯ್ತು’, ‘ಕಂಪನಿಯವರು ಮೋಸ ಮಾಡಿದ್ದಾರೆ’ ಎಂಬ ಮಾತು ಆಗ ಬೇಗ ಹಬ್ಬುತ್ತದೆ. ಜೊತೆಗೆ ‘ಫಾರ್ಮ್ಯಾಟ್ ಮಾಡಿ, ಸರಿಹೋಗುತ್ತೆ’ ಎಂಬ ಸಲಹೆ. ಈ ಸಲಹೆಯೇ ಅಪಾಯಕಾರಿ. ಏಕೆಂದರೆ ಡಿಸ್ಕ್‌ನಲ್ಲಿದ್ದ ಮದುವೆ ಫೋಟೋ, ಮಗುವಿನ ವಿಡಿಯೊ ಎಲ್ಲವೂ ಬಹುತೇಕ ಇನ್ನೂ ಅಲ್ಲೇ ಇರುತ್ತವೆ.

ಹಾಗಾದರೆ 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣುವುದೂ ಇದೇ ತೊಂದರೆಯೇ? ಅಲ್ಲ. ತಯಾರಕರು 1 ಜಿಬಿ ಎಂದರೆ 100 ಕೋಟಿ ಬೈಟ್ ಎನ್ನುತ್ತಾರೆ, ವಿಂಡೋಸ್ 107,37,41,824 ಬೈಟ್ ಎಂದು ಎಣಿಸುತ್ತದೆ. ಈ ಲೆಕ್ಕದಲ್ಲಿ 3 ಟಿಬಿ ಡಿಸ್ಕ್ 2.72 ಟಿಬಿ ಎಂದು ಕಾಣಬೇಕು. 746 ಜಿಬಿಯ ಕಥೆ ಬೇರೆ.

ಹಾರ್ಡ್ ಡಿಸ್ಕ್ ತನ್ನ ಜಾಗವನ್ನು 512 ಬೈಟ್‌ಗಳ ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಗೂ ನಂಬರ್ ಕೊಡುತ್ತದೆ. ಇವುಗಳಿಗೆ ಸೆಕ್ಟರ್ ಎನ್ನುತ್ತಾರೆ. ಹಳೆಯ ಅಡಾಪ್ಟರ್‌ಗಳ ಒಳಗಿನ ಚಿಪ್ ಈ ನಂಬರನ್ನು 32 ಬಿಟ್‌ಗಳಲ್ಲಿ ಬರೆಯುತ್ತದೆ. ಅಷ್ಟರಲ್ಲಿ ಎಣಿಸಲು ಸಾಧ್ಯವಿರುವುದು 429,49,67,296 ಸೆಕ್ಟರ್, ಅಂದರೆ ಸುಮಾರು 2.2 ಟಿಬಿ. ಆದರೆ 3 ಟಿಬಿ ಡಿಸ್ಕ್‌ನಲ್ಲಿರುವುದು ಸುಮಾರು 586 ಕೋಟಿ ಸೆಕ್ಟರ್.

ಹಳೇ ಸ್ಕೂಟರಿನ ಮೀಟರ್ ನೆನಪಿಸಿಕೊಳ್ಳಿ. 99,999 ಕಿಲೋಮೀಟರ್ ದಾಟಿದ ಮೇಲೆ ಅದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಈ ಚಿಪ್ ಮಾಡುವುದೂ ಅದನ್ನೇ. 586 ಕೋಟಿಯಲ್ಲಿ 429 ಕೋಟಿ ಚಿಲ್ಲರೆ ಕಳೆದು ಉಳಿದದ್ದನ್ನು ಮಾತ್ರ ಹೇಳುತ್ತದೆ. ಆ ಉಳಿಕೆಯೇ 746 ಜಿಬಿ! 4 ಟಿಬಿ ಡಿಸ್ಕ್ ಆದರೆ 1.63 ಟಿಬಿ ಎಂದು ಕಾಣುತ್ತದೆ. ಕೆಲವು ಅಡಾಪ್ಟರ್‌ಗಳು ಹೀಗೆ ಸುತ್ತು ಹೊಡೆಯದೆ 2 ಟಿಬಿಗೇ ನಿಂತುಬಿಡುತ್ತವೆ.

ಪರೀಕ್ಷೆ ಸುಲಭ. ಅದೇ ಡಿಸ್ಕನ್ನು ಡೆಸ್ಕ್‌ಟಾಪ್‌ನ ಸಾಟಾ ಪೋರ್ಟ್‌ಗೆ ನೇರವಾಗಿ ಹಾಕಿಸಿ, ಇಲ್ಲವೇ ದೊಡ್ಡ ಡಿಸ್ಕ್‌ಗೂ ಆಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಹೊಸ ಅಡಾಪ್ಟರ್ ಬಳಸಿ. ಅಲ್ಲಿ ಗಾತ್ರ ಸರಿಯಾಗಿ ಬಂದರೆ ತಪ್ಪು ಹಳೆಯ ಅಡಾಪ್ಟರ್‌ನದು. ಅಲ್ಲಿಯವರೆಗೆ ಆ ಡಿಸ್ಕ್‌ಗೆ ಏನನ್ನೂ ಕಾಪಿ ಮಾಡಬೇಡಿ. ವಿಂಡೋಸ್ ‘ಇನಿಶಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ಇದರ ಉಲ್ಟಾ ಪ್ರಕರಣವೂ ಇದೆ. ಕೆಲವು ಎಕ್ಸ್‌ಟರ್ನಲ್ ಪೆಟ್ಟಿಗೆಗಳು ವಿಂಡೋಸ್ ಎಕ್ಸ್‌ಪಿಯಂಥ ಹಳೆಯ ಸಿಸ್ಟಮ್‌ಗೆ ಹೊಂದಲೆಂದು 512ರ ಬದಲು 4096 ಬೈಟ್‌ಗಳ ಸೆಕ್ಟರ್ ಇದೆ ಎಂದು ಹೇಳುತ್ತವೆ. ಪೆಟ್ಟಿಗೆ ಕೆಟ್ಟಿತೆಂದು ಡಿಸ್ಕ್ ಹೊರತೆಗೆದು ಬೇರೆ ಕಡೆ ಹಾಕಿದರೆ ಖಾಲಿ ಇದ್ದಂತೆ ಕಾಣುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ, ಅದೇ ಮಾದರಿಯ ಪೆಟ್ಟಿಗೆಯಲ್ಲಿ ಹಾಕಿ ನೋಡಿ.

ಅಂದಹಾಗೆ, ಕೆಲವು ನೂರು ರೂಪಾಯಿಗೆ ಮಾರುವ ‘2 ಟಿಬಿ’ ಪೆನ್‌ಡ್ರೈವ್‌ಗಳ ವಿಷಯದಲ್ಲಿ ಮಾತ್ರ ಮೋಸದ ಅನುಮಾನ ಸರಿಯೇ. ಹಳೆಯ ಅಡಾಪ್ಟರ್ ಇರುವ ಜಾಗವನ್ನು ಕಡಿಮೆ ಹೇಳುತ್ತದೆ, ನಕಲಿ ಪೆನ್‌ಡ್ರೈವ್ ಇಲ್ಲದ ಜಾಗವನ್ನು ಇದೆ ಎನ್ನುತ್ತದೆ.