ಔಷಧನಾಮಗಳಲ್ಲಿ ಸಂದೇಹವೂ ತತ್ಪರಿಹಾರವೂ

ಕಾವ್ಯದಲ್ಲಿ ಒಂದು ಶಬ್ದವು ಎರಡು ಅರ್ಥಗಳನ್ನು ಕೊಡುವುದಾದರೆ ಅದನ್ನು ಶ್ಲೇಷವೆಂದು ಆಲಂಕಾರಿಕರು ಕೊಂಡಾಡುವರು. ವೈದ್ಯದಲ್ಲಾದರೋ ಅದು ಮಹಾದೋಷವೆನಿಸುತ್ತದೆ. ಓದುಗನು ಅರ್ಥವನ್ನು ತಪ್ಪಾಗಿ ಗ್ರಹಿಸಿದರೆ ರಸಭಂಗವಾದೀತು. ಔಷಧವನ್ನು ಕೊಡುವವನು ಹೆಸರನ್ನು ತಪ್ಪಾಗಿ ಗ್ರಹಿಸಿದರೆ ಪ್ರಾಣಹಾನಿಯಾದೀತು. ಈ ಭ್ರಾಂತಿಯು ಮುಖ್ಯವಾಗಿ ಎರಡು ಬಗೆಯಾಗಿದೆ. ಒಂದೇ ಹೆಸರು ಹಲವು ದ್ರವ್ಯಗಳಿಗೆ ಸಲ್ಲುವುದರಿಂದ ಹುಟ್ಟುವುದು ಮೊದಲನೆಯದು. ಬೇರೆ ಬೇರೆ ದ್ರವ್ಯಗಳ ಹೆಸರುಗಳು ಕಣ್ಣಿಗೂ ಕಿವಿಗೂ ಒಂದೇ ತೆರನಾಗಿ ತೋರುವುದರಿಂದ ಹುಟ್ಟುವುದು ಎರಡನೆಯದು.

ಮೊದಲನೆಯದಕ್ಕೆ ಅಮರಕೋಶದಲ್ಲಿಯೇ ನಿದರ್ಶನವುಂಟು. ಅದರ ವನೌಷಧಿವರ್ಗದಲ್ಲಿ ನೆಲ್ಲಿ, ಅಳಲೆ, ಅಮೃತಬಳ್ಳಿ ಈ ಮೂರಕ್ಕೂ ಅಮೃತಾ ಎಂಬ ಹೆಸರನ್ನು ಹೇಳಿದೆ. ಈ ತೊಡಕನ್ನು ಪೂರ್ವಿಕರು ಅರಿಯದವರಲ್ಲ. ನರಹರಿಯ ರಾಜನಿಘಂಟಿನ ಕೊನೆಯಲ್ಲಿ ಏಕಾರ್ಥಾದಿವರ್ಗವೆಂಬುದೊಂದು ಸೇರಿದ್ದು, ಯಾವ ಹೆಸರು ಎಷ್ಟು ದ್ರವ್ಯಗಳಿಗೆ ಸಲ್ಲುವುದೆಂಬುದು ಅಲ್ಲಿ ಸಂಖ್ಯಾಕ್ರಮದಿಂದ ವಿಂಗಡಿಸಲ್ಪಟ್ಟಿದೆ. ಆದರೂ ಸಂದೇಹವು ತೀರಿಲ್ಲ. ಕನ್ನಡನಾಡಿನಲ್ಲಿ ಬ್ರಾಹ್ಮಿಯೆಂದರೆ ಅನೇಕರು ಒಂದೆಲಗವನ್ನು ತಂದುಕೊಡುವರು. ಭಾರತ ಸರ್ಕಾರದ ಆಯುರ್ವೇದ ಔಷಧಕೋಶವಾದರೋ ಬ್ರಾಹ್ಮಿಯೆಂಬ ಹೆಸರನ್ನು ನೀರುಬ್ರಾಹ್ಮಿಗೆ, ಎಂದರೆ ಬಕೋಪಾ ಮೊನ್ನಿಯೇರಿಗೆ ಕೊಟ್ಟು, ಒಂದೆಲಗವನ್ನು ಮಂಡೂಕಪರ್ಣಿಯೆಂದು ಬೇರೆಯಾಗಿಯೇ ನಿರ್ದೇಶಿಸಿದೆ.

ಇಂತಹ ಭ್ರಾಂತಿಯ ಫಲವು ಎಷ್ಟು ಘೋರವಾಗಬಹುದೆಂಬುದಕ್ಕೆ ಬೆಲ್ಜಿಯಂ ದೇಶದ ವೃತ್ತಾಂತವು ಸಾಕ್ಷಿಯಾಗಿದೆ. ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಚಿಕಿತ್ಸೆ ಪಡೆದಿದ್ದ ಹಲವರು ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟುಹೋದುದು 1992ರಲ್ಲಿ ಕಂಡುಬಂದಿತು. 1993ರಲ್ಲಿ ವೈದ್ಯರು ಅದನ್ನು ಪ್ರಕಟಪಡಿಸಿದರು. ವಿಚಾರಿಸಲಾಗಿ, ಚೀನೀಯರು ಹಾನ್ ಫಾಂಗ್ ಜಿ ಎಂದು ಕರೆಯುವ ಸ್ಟೆಫಾನಿಯಾ ಟೆಟ್ರಾಂಡ್ರಾ ಬೇರಿನ ಬದಲು ಗುವಾಂಗ್ ಫಾಂಗ್ ಜಿ ಎಂಬ ಅರಿಸ್ಟೊಲೋಕಿಯಾ ಫಾಂಗ್ಚಿ ಬೇರು ಔಷಧದಲ್ಲಿ ಸೇರಿದ್ದುದು ತಿಳಿಯಿತು. ಫಾಂಗ್ ಜಿ ಎಂಬುದು ಎರಡಕ್ಕೂ ಸಮಾನವಾದ ಹೆಸರು. ಕ್ರಮೇಣ ನೂರಕ್ಕೂ ಹೆಚ್ಚು ಮಂದಿ ಪೀಡಿತರೆಂದು ಗೊತ್ತಾಯಿತು. ಅವರಲ್ಲಿ ಹಲವರಿಗೆ ಮುಂದೆ ಮೂತ್ರಮಾರ್ಗದಲ್ಲಿ ಅರ್ಬುದವೂ ತಲೆದೋರಿತು. ಕನ್ನಡಿಗರು ಬಲ್ಲ ಈಶ್ವರಿಬಳ್ಳಿಯೂ ಇದೇ ಅರಿಸ್ಟೊಲೋಕಿಯಾ ಕುಲಕ್ಕೆ ಸೇರಿದುದೆಂಬುದು ಇಲ್ಲಿ ಸ್ಮರಣೀಯ.

ಇನ್ನು ಸಾದೃಶ್ಯದಿಂದಾಗುವ ಭ್ರಾಂತಿ. ಬಜೆ, ಅತಿಬಜೆ ಎಂಬ ಹೆಸರುಗಳನ್ನು ಕೇಳಿದವನು ಎರಡನೆಯದು ಮೊದಲನೆಯದರ ಉತ್ಕೃಷ್ಟ ಪ್ರಭೇದವೆಂದು ಊಹಿಸುವುದು ಸಹಜ. ವಾಸ್ತವದಲ್ಲಿ ಅವೆರಡೂ ಬೇರೆ ಬೇರೆ ಕುಲದ ಗಿಡಗಳು. ನೂತನ ಔಷಧಗಳಲ್ಲಿಯೂ ಹೀಗೆಯೇ. ಅಂಗಳದಲ್ಲಿ ಬೆಳೆಯುವ ಕಾಶಿಕಣಗಿಲೆಯಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಎರಡು ಅರ್ಬುದಹರ ದ್ರವ್ಯಗಳು ದೊರೆತಿವೆ. ಮೊದಲನೆಯದನ್ನು ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಮಿಗೆ ಮೀರಿಸುವುದಿಲ್ಲ. ಎರಡನೆಯದರ ಪ್ರಮಾಣವು ಅದಕ್ಕಿಂತ ಹೆಚ್ಚು. ಆದಕಾರಣ ಎರಡನೆಯದರ ಪ್ರಮಾಣದಲ್ಲಿ ಮೊದಲನೆಯದನ್ನು ಕೊಟ್ಟರೆ ಮರಣವೇ ಸಂಭವಿಸಬಹುದು.

ಪರಿಹಾರಕ್ಕಾಗಿ ಹಲವು ಉಪಾಯಗಳು ನಡೆದಿವೆ. ಒಂದು ದ್ರವ್ಯಕ್ಕೆ ಲೋಕದಲ್ಲೆಲ್ಲ ಒಂದೇ ಹೆಸರಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1950ರಲ್ಲಿ ನಿರ್ಣಯಿಸಿ, 1953ರಲ್ಲಿ ಅಂತಹ ಹೆಸರುಗಳ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಜಠರಾಮ್ಲವನ್ನು ತಗ್ಗಿಸುವ ಲೋಸೆಕ್ ಎಂಬುದು ಮೂತ್ರವನ್ನು ಹೆಚ್ಚಿಸುವ ಲಾಸಿಕ್ಸ್ ಎಂಬುದರೊಡನೆ ಬೆರೆತುಹೋಗುತ್ತಿದ್ದುದರಿಂದ, ಅಮೆರಿಕದಲ್ಲಿ 1990ರಲ್ಲಿ ಅದಕ್ಕೆ ಪ್ರೈಲೋಸೆಕ್ ಎಂದು ಹೆಸರು ಬದಲಾಯಿಸಲಾಯಿತು. ಫಾಲ್ಸಿಗೋ, ಫಾಲ್ಸಿಟ್ಯಾಬ್ ಎಂಬ ಮಲೇರಿಯಾ ಔಷಧಗಳ ವ್ಯಾಜ್ಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ, ಔಷಧಗಳ ಹೆಸರುಗಳ ಹೋಲಿಕೆಯನ್ನು ಇತರ ಸರಕುಗಳ ವಿಷಯಕ್ಕಿಂತ ಕಟ್ಟುನಿಟ್ಟಾಗಿ ಪರೀಕ್ಷಿಸತಕ್ಕದ್ದೆಂದು ವಿಧಿಸಿತು. ಹೋಲುವ ಹೆಸರುಗಳಲ್ಲಿ ಭಿನ್ನವಾದ ಭಾಗವನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಅಚ್ಚುಮಾಡುವ ಪದ್ಧತಿಯೂ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿದೆ. ಕನ್ನಡ ಲಿಪಿಯಲ್ಲಿ ಅಂತಹ ಅಕ್ಷರಭೇದವಿಲ್ಲವಾದ್ದರಿಂದ ದಪ್ಪಚ್ಚನ್ನು ಆಶ್ರಯಿಸಬೇಕಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾದ ಉಪಾಯವು ಶಾಸ್ತ್ರಜ್ಞರಿಗೆ ಹೊಸದಲ್ಲ. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಸೈಂಧವವನ್ನು ತಾರೆಂಬ ಮಾತು ಊಟದ ಹೊತ್ತಿನಲ್ಲಿ ಉಪ್ಪನ್ನೂ ಪ್ರಯಾಣದ ಹೊತ್ತಿನಲ್ಲಿ ಕುದುರೆಯನ್ನೂ ತಿಳಿಸುವುದು ಪ್ರಕರಣಬಲದಿಂದ. ಔಷಧದ ಚೀಟಿಯಲ್ಲಿ ಬರಿಯ ಹೆಸರಿದ್ದರೆ ಪ್ರಕರಣವು ಲುಪ್ತವಾಗುತ್ತದೆ. ಹೈಡ್ರಾಕ್ಸಿಜಿನ್ ಎಂಬುದು ತುರಿಕೆಗೆ, ಹೈಡ್ರಲಜಿನ್ ಎಂಬುದು ರಕ್ತದ ಒತ್ತಡಕ್ಕೆ. ಹೆಸರಿನ ಪಕ್ಕದಲ್ಲಿ ರೋಗವನ್ನೂ ಬರೆದರೆ ಅಂಗಡಿಯವನಿಗೂ ರೋಗಿಗೂ ತಪ್ಪು ಒಡನೆಯೇ ಗೋಚರಿಸುತ್ತದೆ. ಬಾಯಲ್ಲಿ ಹೇಳಿದ ಹೆಸರನ್ನು ಕೇಳಿದವನು ಬರೆದುಕೊಂಡು ಮರಳಿ ಓದಿ ಒಪ್ಪಿಸುವುದೂ ಅವಶ್ಯ. ವೇದಪಾಠದಲ್ಲಿ ಗುರುಶಿಷ್ಯರು ಅಕ್ಷರವನ್ನು ಕಾಪಾಡಿದ ರೀತಿಯೂ ಇದಕ್ಕೆ ಹತ್ತಿರವಾದುದೇ.

ಪ್ರಾಚೀನ ವೈದ್ಯಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರಿಗೂ ನಿಘಂಟುಕಾರರಿಗೂ ಇಲ್ಲಿ ಹೊಣೆಯುಂಟು. ಗಿಡದ ಹೆಸರಿಗೆ ಒಂದು ಬಗೆಯ ಮೂಲಿಕೆಯೆಂದಷ್ಟೇ ಅರ್ಥ ಬರೆದು ಬಿಡುವುದು ಸಲ್ಲದು. ಸಸ್ಯಶಾಸ್ತ್ರದ ದ್ವಿಪದನಾಮ, ಪ್ರಾಂತಭೇದ, ಬಳಸತಕ್ಕ ಅಂಗ ಇವನ್ನು ಕೊಡಬೇಕು. ನಿರ್ಣಯವಾಗದೆ ಉಳಿದುದನ್ನು ಸಂದಿಗ್ಧವೆಂದೇ ಗುರುತಿಸಬೇಕು. ಅಂತಹ ನಿಘಂಟನ್ನು ತೆರೆದು ನೋಡುವವರಲ್ಲಿ ಕಾವ್ಯಾಭ್ಯಾಸಿಯಂತೆಯೇ, ರೋಗಿಗೆ ಕಷಾಯವನ್ನು ಕಾಸಲು ಹೊರಟವನೂ ಇರಬಹುದು.