ಟ್ರ್ಯಾಕ್ಟರಿನ ಕರೆಂಟು: ಬ್ಯಾಟರಿ, ವೈರು ಮತ್ತು ರಿಲೇ



ಹಾಸನದ ಸುತ್ತಿನ ಆಲೂಗೆಡ್ಡೆ ಬೆಳೆಗಾರರಿಗೆ ಮುಂಗಾರಿನ ಹದ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಜಲಂಧರದ ಬಿತ್ತನೆ ಗೆಡ್ಡೆಯನ್ನು ದುಡ್ಡು ಕೊಟ್ಟು ತಂದು, ಕಣ್ಣು ನೋಡಿ ಹೋಳು ಮಾಡಿ ಇಟ್ಟಿರುತ್ತೀರಿ. ರಾತ್ರಿ ಒಳ್ಳೆಯ ಮಳೆ ಬೀಳುತ್ತದೆ. ಬೆಳಗ್ಗೆ ಟ್ರ್ಯಾಕ್ಟರ್ ಹತ್ತಿ ಕೀ ತಿರುಗಿಸಿದರೆ 'ಟಕ್' ಎನ್ನುತ್ತದೆ, ಅಷ್ಟೆ. ಸೆಲ್ಫ್ ತಿರುಗುವುದಿಲ್ಲ. ಹೋಳು ಮಾಡಿದ ಗೆಡ್ಡೆ ಎಷ್ಟು ದಿನ ಕಾದೀತು? ಹದ ಎಷ್ಟು ದಿನ ಕಾದೀತು?

ಇಂಥದೇ ಒಂದು ದಿನ ಹೊಳೆನರಸೀಪುರ ತಾಲ್ಲೂಕಿನ ಒಬ್ಬ ರೈತರ ಮನೆಗೆ ಹೋಗಿದ್ದೆ. "ಬ್ಯಾಟರಿ ಹೋಯ್ತು ಸಾರ್, ಹೋದ ವರ್ಷ ತಾನೆ ಹಾಕ್ಸಿದ್ದು" ಅಂದರು. ಹೊಸ ಬ್ಯಾಟರಿಯೂ ಆಗಲೇ ಬಂದಿತ್ತು. ಅದನ್ನು ಕೂರಿಸಿದರೂ ಅದೇ 'ಟಕ್'. ಆ ಮನೆಯ ಹೆಣ್ಣುಮಗಳು ಪಕ್ಕದಲ್ಲಿ ನಿಂತಿದ್ದವಳು, "ಅಪ್ಪ, ಆ ದಪ್ಪ ವೈರು ಅಲ್ಲಾಡ್ತಿದೆ ನೋಡು" ಅಂದಳು. ಬ್ಯಾಟರಿಯ ಮೈನಸ್ ಕಡೆಯಿಂದ ಟ್ರ್ಯಾಕ್ಟರಿನ ಕಬ್ಬಿಣಕ್ಕೆ ಹೋಗುವ ವೈರು ಅದು. ಬೋಲ್ಟಿನ ಕೆಳಗೆ ತುಕ್ಕು ಹಿಡಿದು ಸಡಿಲವಾಗಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ, ಹಳೆಯ ಬ್ಯಾಟರಿಯಲ್ಲೇ ಇಂಜಿನ್ ಹೊರಟಿತು. ಹೊಸ ಬ್ಯಾಟರಿಯ ಹಣ ಸುಮ್ಮನೆ ಹೋಯಿತು. ನಾನೇನೂ ಮೆಕ್ಯಾನಿಕ್ ಅಲ್ಲ, ಬೆಳೆಯ ವಿಚಾರ ಓದಿ ಬಂದವನು. ಆದರೆ ಆ ದಿನದಿಂದ ಇದನ್ನು ಕಲಿಯಲೇಬೇಕು ಅನ್ನಿಸಿತು.

ಮೊದಲು ತಿಳಿದುಕೊಳ್ಳತಕ್ಕ ಮಾತು ಒಂದೇ. ಕರೆಂಟು ಬ್ಯಾಟರಿಯಿಂದ ಹೊರಟು ಮತ್ತೆ ಬ್ಯಾಟರಿಗೇ ಬಂದು ಸೇರಬೇಕು. ಪ್ಲಸ್ ಕಡೆಯಿಂದ ವೈರಿನಲ್ಲಿ ಹೊರಟು, ಫ್ಯೂಸು ದಾಟಿ, ಸ್ವಿಚ್ಚು ದಾಟಿ, ಬಲ್ಬಿನಲ್ಲೋ ಹಾರ್ನಿನಲ್ಲೋ ಕೆಲಸ ಮಾಡುತ್ತದೆ. ವಾಪಸು ಬರುವುದಕ್ಕೆ ಬಹುಪಾಲು ಬೇರೆ ವೈರು ಇರುವುದಿಲ್ಲ. ಟ್ರ್ಯಾಕ್ಟರಿನ ಕಬ್ಬಿಣದ ಮೈಯೇ ದಾರಿ. ಇದಕ್ಕೇ ಬಾಡಿ ಅರ್ತ್ ಎನ್ನುತ್ತಾರೆ. ಮಣ್ಣು, ತುಕ್ಕು, ಬಣ್ಣ, ಗ್ರೀಸು ಇವು ನಡುವೆ ಬಂದರೆ ದಾರಿ ಕಟ್ಟಿತು. ನಾವೆಲ್ಲ ಪ್ಲಸ್ ವೈರನ್ನೇ ಹುಡುಕುತ್ತೇವೆ. ರೋಗ ಎಷ್ಟೋ ಸಲ ಮೈನಸ್ಸಿನಲ್ಲಿರುತ್ತದೆ.

ಪೂರ್ತಿ ಕಟ್ಟಬೇಕೆಂದೇನೂ ಇಲ್ಲ, ಅರ್ಧ ಕಟ್ಟಿದರೂ ಸಾಕು. 55 ವ್ಯಾಟಿನ ಎರಡು ದೀಪ ಉರಿಯುವುದಕ್ಕೆ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಕರೆಂಟು ಬೇಕು. ತುಕ್ಕು ಹಿಡಿದ ಸಂದಿಯಲ್ಲಿ 2 ವೋಲ್ಟು ಸೋರಿಹೋಗಿ ಬಲ್ಬಿಗೆ 10 ವೋಲ್ಟು ಮಾತ್ರ ಸಿಕ್ಕಿತೆನ್ನಿ, ಬೆಳಕು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೋರಿದ್ದು ಎಲ್ಲಿ ಹೋಯಿತು? ಆ ಸಂದಿಯಲ್ಲೇ ಶಾಖವಾಯಿತು. ಮುಟ್ಟಿದರೆ ಬಿಸಿಯಾಗಿರುವ ವೈರು, ಕರಗಿದ ಸ್ವಿಚ್ಚು, ಇವೆಲ್ಲ ಇದರಿಂದಲೇ. ಸೆಲ್ಫ್ ಮೋಟಾರಂತೂ ತಿರುಗುವಾಗ 200 ಆಂಪಿಯರಿಗೂ ಹೆಚ್ಚು ಎಳೆಯುವುದುಂಟು. ಆದ್ದರಿಂದಲೇ ಅದರ ವೈರು ಹೆಬ್ಬೆರಳಿನ ದಪ್ಪ.

ಇನ್ನು ರಿಲೇ. ಇಷ್ಟು ದೊಡ್ಡ ಕರೆಂಟನ್ನು ಕೀ ಇರುವ ಸಣ್ಣ ಸ್ವಿಚ್ಚಿನ ಮೂಲಕ ಹಾಯಿಸಿದರೆ ಸ್ವಿಚ್ಚು ಸುಟ್ಟುಹೋಗುತ್ತದೆ. ಅದಕ್ಕೆ ಉಪಾಯ ಏನು? ನಿಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯನ್ನು ನೆನೆಯಿರಿ. ಹಸಿರು ಬಟನ್ ಒತ್ತಿದರೆ ಒಳಗೆ 'ಢಬ್' ಎನ್ನುತ್ತದೆ. ಬಟನ್ನಿನಲ್ಲಿ ಹರಿಯುವುದು ಸ್ವಲ್ಪವೇ ಕರೆಂಟು. ಅದು ನೋವೋಲ್ಟ್ ಕಾಯಿಲಿಗೆ ಹೋಗಿ, ಕಾಯಿಲು ಅಯಸ್ಕಾಂತವಾಗಿ ಪಟ್ಟಿಗಳನ್ನು ಎಳೆದು ಕೂಡಿಸುತ್ತದೆ. ಮೋಟಾರಿನ ದೊಡ್ಡ ಕರೆಂಟು ಆ ಪಟ್ಟಿಗಳಲ್ಲಿ ಹರಿಯುತ್ತದೆ. ಟ್ರ್ಯಾಕ್ಟರಿನ ರಿಲೇಯೂ ಇದೇ, ಬೆಂಕಿಪೆಟ್ಟಿಗೆಗಿಂತ ಚಿಕ್ಕದು ಅಷ್ಟೆ. (ಸ್ಟಾರ್ಟರಿನಲ್ಲಿ 'ರಿಲೇ ಬಿತ್ತು' ಅನ್ನುತ್ತೀರಲ್ಲ, ಅದು ಮೋಟಾರಿಗೆ ಹೊರೆ ಹೆಚ್ಚಾದಾಗ ಕಡಿಯುವ ಬೇರೊಂದು ಭಾಗ. ಎರಡನ್ನೂ ಒಂದೇ ಎಂದು ತಿಳಿಯಬೇಡಿ.) ಸೆಲ್ಫಿನ ಮೇಲೆ ಕೂತಿರುವ ಸೊಲೆನಾಯ್ಡ್ ಸಹ ಒಂದು ದೊಡ್ಡ ರಿಲೇಯೇ ಸರಿ. ಆ 'ಟಕ್' ಶಬ್ದ ಅದರದು.

ರಿಲೇ ಎಂಬ ಹೆಸರು ತಂತಿ ಟಪಾಲಿನ ಕಾಲದ್ದು. ಮೈಸೂರು ಸೀಮೆಯ ಹಳೆಯ ಅಂಚೆಯಲ್ಲಿ ದಣಿದ ಓಟಗಾರ ಚೀಲವನ್ನು ಮುಂದಿನ ಹೊಸಬನ ಕೈಗೆ ಕೊಡುತ್ತಿದ್ದನಲ್ಲ, ಹಾಗೆ. ದೂರದಿಂದ ಬಂದು ಸೋತ ಕರೆಂಟು ಒಂದು ಅಯಸ್ಕಾಂತವನ್ನು ಎಳೆದರೆ, ಅಲ್ಲಿಂದ ಮುಂದಕ್ಕೆ ಹೊಸ ಬ್ಯಾಟರಿಯ ಕರೆಂಟು ಓಡುತ್ತಿತ್ತು.

ರಿಲೇಯ ಕಾಲುಗಳ ಬಳಿ ಅಂಕಿ ಇರುತ್ತವೆ. ಇವು ಜರ್ಮನಿಯವರು ಗೊತ್ತುಮಾಡಿದ ಅಂಕಿಗಳು, ಈಗ ಬಹಳ ಕಡೆ ನಡೆಯುತ್ತವೆ. 85 ಮತ್ತು 86 ಕಾಯಿಲಿನವು. ಒಂದಕ್ಕೆ ಸ್ವಿಚ್ಚಿನ ವೈರು, ಇನ್ನೊಂದಕ್ಕೆ ಅರ್ತ್. 30 ಎಂಬುದಕ್ಕೆ ಬ್ಯಾಟರಿಯ ಪ್ಲಸ್, ಫ್ಯೂಸಿನ ಮೂಲಕ. 87ರಿಂದ ದೀಪಕ್ಕೋ ಹಾರ್ನಿಗೋ ಹೋಗುತ್ತದೆ. ಕಾಯಿಲು ಎಳೆಯುವುದು ಸುಮಾರು ಕಾಲು ಆಂಪಿಯರಿಗಿಂತ ಕಡಿಮೆ. ದೀಪ ಉರಿಯದಿದ್ದರೆ ಸ್ವಿಚ್ಚು ಹಾಕಿ ರಿಲೇ ಮೇಲೆ ಬೆರಳಿಡಿ. ಒಳಗೆ ಮಿಡಿದರೆ ಸಣ್ಣ ದಾರಿ ಸರಿಯಿದೆ, ತೊಂದರೆ 30-87ರ ದೊಡ್ಡ ದಾರಿಯಲ್ಲಿ. ಮಿಡಿಯದಿದ್ದರೆ ಸ್ವಿಚ್ಚು, ಅದರ ಫ್ಯೂಸು, ಕಾಯಿಲು ಅಥವಾ ಅದರ ಅರ್ತ್ ನೋಡಬೇಕು. ಹಾರ್ನಿನ ರಿಲೇಯೂ ಅದೇ ಜಾತಿಯದಾಗಿದ್ದರೆ ಅದಲುಬದಲು ಮಾಡಿ ನೋಡುವುದೇ ಸುಲಭ.

ಫ್ಯೂಸಿನ ವಿಚಾರ ಹೆಚ್ಚು ಬೇಡ. ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಹೋದದ್ದು ಯಾವುದೋ ಅದನ್ನೇ ಹಾಕಿ. ಬೆಳ್ಳಿ ಕಾಗದವನ್ನೋ ತಂತಿ ಚೂರನ್ನೋ ಸುತ್ತಿದರೆ, ಫ್ಯೂಸು ಸುಡುವ ಬದಲು ವೈರು ಸುಡುತ್ತದೆ. ಟ್ರ್ಯಾಕ್ಟರನ್ನು ಹುಲ್ಲುಮೆದೆಯ ಪಕ್ಕದಲ್ಲಿ ನಿಲ್ಲಿಸುವವರು ನಾವು.

ಈಗ ಆ 'ಟಕ್' ಅನ್ನುವ ಟ್ರ್ಯಾಕ್ಟರಿಗೆ ಬನ್ನಿ. ಗೇರು ನ್ಯೂಟ್ರಲ್ಲಿನಲ್ಲಿದೆಯೆಂದು ನೋಡಿ, ಬ್ರೇಕು ಕಟ್ಟಿ, ಮುಂದೀಪ ಹಾಕಿ, ಸೆಲ್ಫ್ ಹೊಡೆಯಿರಿ. ಒಬ್ಬರು ಮೇಲೆ ಕೂರಲಿ, ಇನ್ನೊಬ್ಬರು ದೂರ ಪಕ್ಕದಲ್ಲಿ ನಿಂತು ದೀಪ ನೋಡಲಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಬಲ ಕಳೆದುಕೊಂಡಿದೆ, ಇಲ್ಲವೆ ಅದರ ತಲೆಯ ಕೊಂಡಿಗಳು ಸಡಿಲ. ದೀಪ ಚೆನ್ನಾಗಿಯೇ ಇದ್ದು 'ಟಕ್' ಮಾತ್ರ ಬಂದರೆ ಸೊಲೆನಾಯ್ಡು, ಸೆಲ್ಫು, ಇಲ್ಲವೆ ಇಂಜಿನ್ನಿನ ದಪ್ಪ ಅರ್ತ್ ವೈರು. ಶಬ್ದವೇ ಬಾರದಿದ್ದರೆ ಕೀ ಸ್ವಿಚ್ಚು, ಸಣ್ಣ ವೈರು, ಅಥವಾ ಕ್ಲಚ್ ಒತ್ತಿದರೆ ಮಾತ್ರ ಬಿಡುವ ಸುರಕ್ಷತೆಯ ಸ್ವಿಚ್ಚು.

ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿಕೊಂಡರೆ ಒಳ್ಳೆಯ ಪರೀಕ್ಷೆಯ ದೀಪವಾಯಿತು. ಒಂದು ತುದಿ ಅರ್ತಿಗೆ, ಇನ್ನೊಂದರಿಂದ ಬ್ಯಾಟರಿಯಿಂದ ಶುರುಮಾಡಿ ಒಂದೊಂದೇ ಸಂದಿಯನ್ನು ಮುಟ್ಟುತ್ತ ಬನ್ನಿ. ಎಲ್ಲಿ ಆರುತ್ತದೋ ಅದರ ಹಿಂದೆಯೇ ತೊಂದರೆ. ಒಂದು ಎಚ್ಚರಿಕೆ: ಈ ಬಲ್ಬು ಎಳೆಯುವುದು ಬಹಳ ಕಡಿಮೆ, ಆದ್ದರಿಂದ ಅರ್ಧ ತುಕ್ಕು ಹಿಡಿದ ದಪ್ಪ ವೈರಿನಲ್ಲೂ ಚೆನ್ನಾಗಿಯೇ ಉರಿದು ಮೋಸ ಮಾಡೀತು. ಮೀಟರ್ ಇದ್ದವರು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ನಿನ ಬರಿಯ ಕಬ್ಬಿಣಕ್ಕೂ ಇಟ್ಟು ಸೆಲ್ಫ್ ಹೊಡೆಸಲಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ವೈರು ಕೆಟ್ಟಿದೆ. ಬ್ಯಾಟರಿಗೂ ಅದೇ ಮೀಟರ್ ಸಾಕು. ರಾತ್ರಿಯೆಲ್ಲ ಸುಮ್ಮನಿದ್ದಾಗ 12.6 ವೋಲ್ಟಿನ ಹತ್ತಿರ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿಳಿದರೆ ಬಹುಪಾಲು ಖಾಲಿ. ಇಂಜಿನ್ ಓಡುವಾಗ 14ರ ಹತ್ತಿರ ಬಾರದಿದ್ದರೆ ಆಲ್ಟರ್ನೇಟರನ್ನು ನೋಡಿಸಿ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. 12 ವೋಲ್ಟು ಮೈಗೆ ಹೊಡೆಯುವುದಿಲ್ಲ ನಿಜ. ಆದರೆ ಸ್ಪ್ಯಾನರು ಪ್ಲಸ್ಸಿನಿಂದ ಕಬ್ಬಿಣಕ್ಕೆ ತಾಗಿದರೆ ಕೆಂಪಗೆ ಕಾಯುತ್ತದೆ. ಕೈಯ ಉಂಗುರ ತೆಗೆದಿಡಿ. ಬ್ಯಾಟರಿಯಿಂದ ಉರಿಯುವ ಅನಿಲ ಬರುತ್ತದೆ, ಬೀಡಿ ದೂರವಿರಲಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಬಿಚ್ಚಬೇಡಿ, ಆಲ್ಟರ್ನೇಟರ್ ಸುಟ್ಟೀತು. ಕೊಂಡಿಯ ಮೇಲಿನ ಬಿಳಿ-ನೀಲಿ ಬೂಷ್ಟನ್ನು ಅಡಿಗೆ ಸೋಡ ಕಲಸಿದ ನೀರಿನಿಂದ ತೊಳೆದು, ಒಣಗಿಸಿ ಬಿಗಿ ಮಾಡಿ, ಆಮೇಲೆ ವ್ಯಾಸಲೀನ್ ಹಚ್ಚಿ.

ಒಂದು ಕೆಲಸವನ್ನು ಮಾತ್ರ ಯಾರೂ ಮಾಡಬಾರದು. ಅವಸರದಲ್ಲಿ ಕೆಳಗೆ ನಿಂತು, ಸೆಲ್ಫಿನ ಎರಡು ಬೋಲ್ಟಿನ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಇಂಜಿನ್ ಹೊರಡಿಸುವುದು. ನಮ್ಮ ಎಲ್ಲ ಹೋಬಳಿಯಲ್ಲೂ ಇದನ್ನು ಜಾಣತನ ಅಂತಲೇ ತಿಳಿದಿದ್ದಾರೆ. ಹೀಗೆ ಮಾಡಿದರೆ ಕೀ, ರಿಲೇ, ಕ್ಲಚ್ಚಿನ ಸ್ವಿಚ್ಚು ಯಾವುದರ ತಡೆಯೂ ಇರುವುದಿಲ್ಲ. ಗೇರು ಬಿದ್ದಿದ್ದರೆ ಟ್ರ್ಯಾಕ್ಟರ್ ಹೊರಟೇಬಿಡುತ್ತದೆ, ನೀವು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಮುಂದೆ. ಹಾರಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ. ಹೀಗೆ ಪ್ರಾಣ ಹೋದವರುಂಟು. ಮನೆಯ ಹೆಂಗಸರು ಇದನ್ನು ಕಂಡರೆ ಗಟ್ಟಿಯಾಗಿಯೇ ಬೈದು ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಕಡೆಯದಾಗಿ ಟ್ರೇಲರಿನ ಮಾತು. ಚನ್ನರಾಯಪಟ್ಟಣದ ಕಡೆ ಕಬ್ಬು, ಅರಕಲಗೂಡಿನ ಕಡೆ ಶುಂಠಿ ಹೇರಿಕೊಂಡು ಕತ್ತಲಾದ ಮೇಲೆ ಬರುವ ಟ್ರೇಲರುಗಳಿಗೆ ಹಿಂದಿನ ಕೆಂಪು ದೀಪ ಉರಿಯುವುದೇ ಅಪರೂಪ. ಬೈಕಿನಲ್ಲಿ ಹಿಂದೆ ಬರುವವನಿಗೆ ಹೊರೆ ಕಾಣುವುದು ಹತ್ತಿರ ಬಂದ ಮೇಲೆ. ಬಲ್ಬು ಹೊಸದು, ವೈರೂ ಹೊಸದು, ಆದರೂ ಉರಿಯದು. ಏಕೆಂದರೆ ಅರ್ತ್ ಬರುವುದು ಕೊಂಡಿಯ ಪಿನ್ನಿನ ಮೂಲಕ. ಅದು ಗ್ರೀಸು, ಮಣ್ಣು ಮೆತ್ತಿಕೊಂಡು ಕುಣಿಯುತ್ತಿರುತ್ತದೆ. ಟ್ರೇಲರಿನ ಚಾಸಿಸ್ಸಿನಿಂದ ಸಾಕೆಟ್ಟಿನ ಮೂಲಕ ಟ್ರ್ಯಾಕ್ಟರಿನ ಮೈನಸ್ಸಿಗೆ ಬೇರೆಯೇ ಒಂದು ವೈರು ಎಳೆಸಿ. ಎಲೆಕ್ಟ್ರಿಷಿಯನ್ನಿಗೆ ಅರ್ಧ ಗಂಟೆಯ ಕೆಲಸ. ಜತೆಗೆ ಹಿಂಬದಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಅದಕ್ಕೆ ಬ್ಯಾಟರಿಯೂ ಬೇಡ, ವೈರೂ ಬೇಡ.