ಎಚ್ಚರಿಕೆ ಎಲ್ಲರಿಗೂ ಮುಟ್ಟುವುದು ಹೇಗೆ?

ದ್ವಿತೀಯ ಪಿಯುಸಿ ಬಿಸಿನೆಸ್ ಸ್ಟಡೀಸ್‌ನಲ್ಲಿ ಹೆನ್ರಿ ಫೆಯೋಲ್ ಹೇಳಿದ 14 ತತ್ವಗಳಲ್ಲಿ 'ಸ್ಕೇಲಾರ್ ಚೈನ್' ಒಂದು. ಸಂಸ್ಥೆಯಲ್ಲಿ ಮಾತು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ದಾಟಿ ಹೋಗಬೇಕು. ಆದರೆ ತುರ್ತು ಇದ್ದಾಗ ಒಂದೇ ಮಟ್ಟದ ಇಬ್ಬರು ನೇರವಾಗಿ ಮಾತಾಡಿಕೊಳ್ಳಬಹುದು. ಅದಕ್ಕೆ 'ಗ್ಯಾಂಗ್ ಪ್ಲ್ಯಾಂಕ್' ಎನ್ನುತ್ತಾರೆ. ನಾವು ಇದನ್ನು ಅಂಕಕ್ಕಾಗಿ ಓದುತ್ತೇವೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ಜೀವದ ಪ್ರಶ್ನೆಯಾಯಿತು.

2007ರ ಏಪ್ರಿಲ್ 16, ವರ್ಜೀನಿಯಾ ಟೆಕ್. ಸುಮಾರು 26,000 ವಿದ್ಯಾರ್ಥಿಗಳಿದ್ದ ದೊಡ್ಡ ಕ್ಯಾಂಪಸ್ ಅದು. ಬೆಳಗ್ಗೆ ಸುಮಾರು 7.15ಕ್ಕೆ ಒಂದು ಹಾಸ್ಟೆಲ್‌ನಲ್ಲಿ ಇಬ್ಬರಿಗೆ ಗುಂಡೇಟು ಬಿತ್ತು. ಇದು ವೈಯಕ್ತಿಕ ಜಗಳ, ಹೊಡೆದವನು ಕ್ಯಾಂಪಸ್ ಬಿಟ್ಟು ಹೋಗಿರಬೇಕು ಎಂದು ಪೊಲೀಸರು ಭಾವಿಸಿದರು. ಎಲ್ಲರಿಗೂ ಮೊದಲ ಇ-ಮೇಲ್ ಹೋಗಿದ್ದು 9.26ಕ್ಕೆ. ಅಷ್ಟರಲ್ಲಿ ಎಷ್ಟೋ ವಿದ್ಯಾರ್ಥಿಗಳು ಎಂದಿನಂತೆ ತರಗತಿಗೆ ಹೋಗಿ ಕೂತಿದ್ದರು. ಸುಮಾರು 9.40ಕ್ಕೆ ಅದೇ ವ್ಯಕ್ತಿ ನಾರಿಸ್ ಹಾಲ್ ಎಂಬ ಕಟ್ಟಡದಲ್ಲಿ ಇನ್ನೂ 30 ಮಂದಿಯನ್ನು ಕೊಂದ. ಒಟ್ಟು 32 ಜನರ ಪ್ರಾಣ ಹೋಯಿತು. ಅವರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಕೂಡ ಒಬ್ಬರು.

ಆ ಎರಡು ಗಂಟೆ ಎಲ್ಲಿ ಹೋಯಿತು? ಇ-ಮೇಲ್ ಕಳಿಸಲು ಕಂಪ್ಯೂಟರ್‌ಗೆ ಅಷ್ಟು ಹೊತ್ತು ಬೇಡ. ತಡವಾಗಿದ್ದು ತೀರ್ಮಾನ. ಎಲ್ಲರಿಗೂ ಸಂದೇಶ ಕಳಿಸುವ ಅಧಿಕಾರ ಹಿರಿಯ ಅಧಿಕಾರಿಗಳ ಒಂದು ಸಮಿತಿಯ ಕೈಯಲ್ಲಿತ್ತು. ಸ್ಥಳದಲ್ಲಿದ್ದ ಕ್ಯಾಂಪಸ್ ಪೊಲೀಸರು ತಾವೇ ಕಳಿಸುವಂತಿರಲಿಲ್ಲ. ಸಮಿತಿ ಸೇರಬೇಕು, ಚರ್ಚಿಸಬೇಕು, ಒಪ್ಪಬೇಕು. ರಾಜ್ಯಪಾಲರು ನೇಮಿಸಿದ ತನಿಖಾ ತಂಡ ಅದೇ ವರ್ಷ ಆಗಸ್ಟ್‌ನಲ್ಲಿ ಕೊಟ್ಟ ವರದಿ ಈ ವಿಳಂಬವನ್ನು ದೊಡ್ಡ ಲೋಪವೆಂದು ಗುರುತಿಸಿತು.

ಇನ್ನೊಂದು ಲೋಪ ಸಂದೇಶದ ಮಾತಿನಲ್ಲೇ ಇತ್ತು. ಹಾಸ್ಟೆಲ್‌ನಲ್ಲಿ ಗುಂಡಿನ ಘಟನೆ ನಡೆದಿದೆ, ಜಾಗ್ರತೆಯಿಂದಿರಿ, ಅನುಮಾನ ಬಂದರೆ ಪೊಲೀಸರಿಗೆ ತಿಳಿಸಿ ಎಂಬುದು ಆ ಮೊದಲ ಇ-ಮೇಲ್‌ನ ಸಾರಾಂಶ. ಹೊಡೆದವನು ಸಿಕ್ಕಿಲ್ಲ ಎಂದಾಗಲಿ, ತರಗತಿಗೆ ಬರಬೇಡಿ ಎಂದಾಗಲಿ ಅದು ಹೇಳಲಿಲ್ಲ. ಹೊರಗೆ ಬರಬೇಡಿ, ಕಿಟಕಿಯಿಂದ ದೂರ ಇರಿ ಎಂಬ ಸ್ಪಷ್ಟ ಸೂಚನೆ ಬಂದಿದ್ದು 9.50ರ ಸುಮಾರಿಗೆ. ಆಗ ಕಾಲ ಮೀರಿತ್ತು.

ಅಮೆರಿಕದಲ್ಲಿ ಇದಕ್ಕೆ ಸಂಬಂಧಿಸಿದ ಕಾನೂನು ಮೊದಲೇ ಇತ್ತು. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ಕೊಲೆಯಾದ 19 ವರ್ಷದ ಜೀನ್ ಕ್ಲೆರಿ ಹೆಸರಿನ ಈ ಕಾನೂನು 1990ರಲ್ಲಿ ಬಂತು. ವರ್ಜೀನಿಯಾ ಟೆಕ್ ಘಟನೆಯ ನಂತರ 2008ರಲ್ಲಿ ಅದನ್ನು ಬಿಗಿಗೊಳಿಸಿದರು. ಈಗ ಕ್ಯಾಂಪಸ್‌ನಲ್ಲಿ ಗಂಭೀರ ಅಪಾಯ ಇದೆ ಎಂದು ಖಚಿತವಾದ ಕೂಡಲೇ, ತಡ ಮಾಡದೆ ಎಲ್ಲರಿಗೂ ತಿಳಿಸಬೇಕು. ಯಾರು ಖಚಿತಪಡಿಸುತ್ತಾರೆ, ಯಾರು ಕಳಿಸುತ್ತಾರೆ ಎಂಬುದನ್ನು ಮೊದಲೇ ಬರೆದಿಡಬೇಕು. ವರ್ಷಕ್ಕೆ ಒಮ್ಮೆಯಾದರೂ ಇಡೀ ವ್ಯವಸ್ಥೆಯನ್ನು ಪರೀಕ್ಷಿಸಬೇಕು.

ವರ್ಜೀನಿಯಾ ಟೆಕ್‌ನ ಈಗಿನ ವ್ಯವಸ್ಥೆಯ ಹೆಸರು 'ವಿಟಿ ಅಲರ್ಟ್ಸ್'. ಇದರಲ್ಲಿ ಒಂದೇ ಎಚ್ಚರಿಕೆ ಹಲವು ದಾರಿಯಲ್ಲಿ ಹೋಗುತ್ತದೆ: ಮೊಬೈಲ್ ಸಂದೇಶ, ಫೋನ್ ಕರೆ, ಇ-ಮೇಲ್, ವೆಬ್‌ಸೈಟಿನ ಮುಖಪುಟ, ತರಗತಿಯ ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ಫಲಕ, ಹೊರಗೆ ಸೈರನ್ ಮತ್ತು ಧ್ವನಿವರ್ಧಕ. ಇಷ್ಟೊಂದು ಯಾಕೆ? ಪಾಠ ಕೇಳುವವನ ಫೋನ್ ಸೈಲೆಂಟ್ ಇರಬಹುದು. ಮೈದಾನದಲ್ಲಿರುವವನು ಇ-ಮೇಲ್ ನೋಡುವುದಿಲ್ಲ. ಕಿವಿ ಕೇಳದವರಿಗೆ ಸೈರನ್ ಇದ್ದೂ ಇಲ್ಲದಂತೆ, ಅವರಿಗೆ ಫಲಕವೇ ಬೇಕು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರಬೇಕು.

ಮೊಬೈಲ್ ಸಂದೇಶದಲ್ಲೂ ಎರಡು ಬಗೆ ಇದೆ. ಎಸ್‌ಎಂಎಸ್ ಒಂದೊಂದು ನಂಬರಿಗೆ ಬೇರೆ ಬೇರೆಯಾಗಿ ಹೋಗಬೇಕು. ಸಾವಿರಾರು ಜನರಿಗೆ ಒಟ್ಟಿಗೆ ಕಳಿಸಿದರೆ, ಅದೇ ಹೊತ್ತಿಗೆ ಎಲ್ಲರೂ ಮನೆಗೆ ಫೋನ್ ಮಾಡುತ್ತಿದ್ದರೆ, ಅದು ಸರದಿಯಲ್ಲಿ ನಿಂತು ತಡವಾಗಬಹುದು. 'ಸೆಲ್ ಬ್ರಾಡ್‌ಕಾಸ್ಟ್' ಹಾಗಲ್ಲ. ಅದು ರೇಡಿಯೋ ಇದ್ದ ಹಾಗೆ. ಟವರ್ ಒಮ್ಮೆ ಪ್ರಸಾರ ಮಾಡಿದರೆ ಆ ಪ್ರದೇಶದ ಎಲ್ಲ ಫೋನ್‌ಗಳಿಗೂ ಒಟ್ಟಿಗೆ ಮುಟ್ಟುತ್ತದೆ, ನಂಬರಿನ ಪಟ್ಟಿಯೇ ಬೇಡ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನ್‌ಗಳು ಜೋರಾಗಿ ಕೂಗಿದ್ದು ನಿಮಗೆ ನೆನಪಿರಬಹುದು. ಅದು ಕೇಂದ್ರ ದೂರಸಂಪರ್ಕ ಇಲಾಖೆ ಇದೇ ತಂತ್ರಜ್ಞಾನವನ್ನು ಪರೀಕ್ಷಿಸಿದ ದಿನ.

ಈಗ ನಮ್ಮ ಕಾಲೇಜಿನ ಕಡೆ ನೋಡೋಣ. ಇಲ್ಲಿ ಫೋನ್ ತರುವಂತಿಲ್ಲ. ಆ ನಿಯಮ ಬದಲಾಗಲಿ ಎಂದು ನಾನು ಕೇಳುತ್ತಿಲ್ಲ. ಆದರೆ ಫೋನ್ ಇಲ್ಲ ಎಂದರೆ ನಮಗೆ ಉಳಿಯುವುದು ಗಂಟೆ, ಪ್ರಾರ್ಥನಾ ಸಭೆಯ ಮೈಕ್ ಮತ್ತು ತರಗತಿಗೆ ಬಂದು ಹೇಳುವ ಅಟೆಂಡರ್ ಅಣ್ಣ. ಲ್ಯಾಬ್‌ನಲ್ಲಿ ಬೆಂಕಿ ಹೊತ್ತಿಕೊಂಡರೆ ಯಾವ ಗಂಟೆ ಹೊಡೆಯಬೇಕು? ಮಾಮೂಲಿ ಗಂಟೆಯನ್ನೇ ಹೊಡೆದರೆ ಪೀರಿಯಡ್ ಮುಗಿಯಿತು ಎಂದುಕೊಂಡು ಇನ್ನೊಂದು ತರಗತಿಯವರು ಅದೇ ಲ್ಯಾಬ್ ಕಡೆ ಹೊರಡುತ್ತಾರೆ. ಪ್ರಿನ್ಸಿಪಾಲ್ ಸರ್ ಮೀಟಿಂಗ್‌ಗೆ ಹೋಗಿದ್ದರೆ ಹೊಡೆಯಿರಿ ಎಂದು ಹೇಳುವವರು ಯಾರು?

ಮನೆಯವರಿಗೆ ಮುಟ್ಟುವುದೂ ಮುಖ್ಯ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದಾಗ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಆದೇಶದ ಫೋಟೋ ಬರುತ್ತದೆ. ನಮ್ಮ ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತಾಡಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ನಾನೋ ತಮ್ಮನೋ ಓದಿ ಹೇಳಬೇಕು. ರಜೆಯ ವಿಷಯಕ್ಕೆ ಅದು ಸಾಕು. ಆದರೆ ನಾವಿಬ್ಬರೂ ಕಾಲೇಜು, ಶಾಲೆಯಲ್ಲಿರುವಾಗ ತುರ್ತು ಸಂದೇಶ ಬಂದರೆ? ಇಂಥ ಮನೆ ನಮ್ಮದೊಂದೇ ಅಲ್ಲ. ಸಂದೇಶ ಫೋನಿಗೆ ಬಂದರೆ ಮುಟ್ಟಿದಂತಾಗುವುದಿಲ್ಲ, ಅರ್ಥವಾದಾಗ ಮಾತ್ರ ಮುಟ್ಟಿದಂತೆ.

ಇದಕ್ಕೆ ಅಮೆರಿಕದಷ್ಟು ಹಣ ಬೇಡ. ನನಗೆ ತೋಚಿದ್ದು ನಾಲ್ಕು ಮಾತು. ಒಂದು, ತುರ್ತಿಗೆ ಬೇರೆಯದೇ ಗಂಟೆ ಇರಲಿ, ಬಿಟ್ಟು ಬಿಟ್ಟು ಮೂರು ಸಲ ಹೊಡೆಯುವಂಥದ್ದು. ಎರಡು, ಪ್ರಿನ್ಸಿಪಾಲ್ ಇಲ್ಲದಿದ್ದಾಗ ಯಾರನ್ನೂ ಕೇಳದೆ ಅದನ್ನು ಹೊಡೆಸಬಲ್ಲ ಇಬ್ಬರ ಹೆಸರು ನೋಟಿಸ್ ಬೋರ್ಡಿನಲ್ಲಿರಲಿ. ಮೂರು, ಪೋಷಕರಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ಧ್ವನಿ ಸಂದೇಶ ಹೋಗಲಿ. ಅದರಲ್ಲಿ ಏನಾಗಿದೆ, ಎಲ್ಲಿ, ಈಗ ಏನು ಮಾಡಬೇಕು ಎಂಬ ಮೂರು ವಿಷಯ ಇರಲಿ. ನಾಲ್ಕು, ವರ್ಷಕ್ಕೊಮ್ಮೆ ಅಭ್ಯಾಸ ಮಾಡಿ ಗಡಿಯಾರ ಹಿಡಿದು ನೋಡೋಣ. ಕೊನೆಯ ಬೆಂಚಿನವನೂ ಮೈದಾನಕ್ಕೆ ಬರಲು ಎಷ್ಟು ನಿಮಿಷ ಬೇಕು ಎಂದು ಅವತ್ತು ಗೊತ್ತಾಗುತ್ತದೆ. ಅಭ್ಯಾಸದ ದಿನ ಗಡಿಯಾರ ಹಿಡಿಯಲು, ಉರ್ದು ಸಂದೇಶಕ್ಕೆ ದನಿ ಕೊಡಲು ನಾವು ಕಾಮರ್ಸ್ ವಿದ್ಯಾರ್ಥಿಗಳು ಸಿದ್ಧರಿದ್ದೇವೆ.